ಕೊರಿಯನ್ ಧಾರಾವಾಹಿ: ಕಥೆಯ ಕೊನೆ ಯಾರ ಕೈಯಲ್ಲಿ?

2022ರ ಡಿಸೆಂಬರ್ 25ರ ರಾತ್ರಿ ದಕ್ಷಿಣ ಕೊರಿಯದ ಜೆಟಿಬಿಸಿ ವಾಹಿನಿಯಲ್ಲಿ ‘ರಿಬಾರ್ನ್ ರಿಚ್’ ಧಾರಾವಾಹಿಯ 16ನೆಯ ಹಾಗೂ ಕೊನೆಯ ಕಂತು ಪ್ರಸಾರವಾಯಿತು. ಶ್ರೀಮಂತ ಉದ್ಯಮಿ ಕುಟುಂಬವೊಂದರ ಚಾಕರಿ ಮಾಡುತ್ತಿದ್ದ ನೌಕರನೊಬ್ಬ ಆ ಬಳಗದ ಸಂಚಿಗೇ ಬಲಿಯಾಗಿ, ಅದೇ ಕುಟುಂಬದ ಕಿರಿಯ ಮೊಮ್ಮಗನ ರೂಪದಲ್ಲಿ 1987ರಲ್ಲಿ ಕಣ್ಣು ತೆರೆಯುವ ಕಥೆ ಅದು. ಮುಂದಿನ ದಶಕಗಳಲ್ಲಿ ಏನೇನು ನಡೆಯಲಿದೆ ಎಂಬುದು ಆತನಿಗೆ ಗೊತ್ತು. ಆ ಅರಿವಿನ ಬಲದಿಂದ ಹೆಜ್ಜೆ ಹೆಜ್ಜೆಗೂ ಗೆಲ್ಲುತ್ತ ಬಂದ ನಾಯಕ, ಕೊನೆಯ ಕಂತಿನಲ್ಲಿ ತನ್ನ ಹಳೆಯ ದೇಹದಲ್ಲೇ ಆಸ್ಪತ್ರೆಯ ಹಾಸಿಗೆಯ ಮೇಲೆ ಎಚ್ಚರಗೊಳ್ಳುತ್ತಾನೆ. ಧಾರಾವಾಹಿಗೆ ಆಧಾರವಾದ ಕಾದಂಬರಿಯ ಅಂತ್ಯ ಹೀಗಿರಲಿಲ್ಲ. ಆರು ವಾರ ಜತೆಗೂಡಿ ಬಂದ ಪ್ರೇಕ್ಷಕರು ತಾವು ಕಂಡದ್ದೆಲ್ಲ ಕನಸೇ ಎಂದು ಸಿಟ್ಟಾದರು. ಆ ಕಂತಿನ ವೀಕ್ಷಣಾ ಪ್ರಮಾಣ ಶೇ 26ನ್ನು ಮೀರಿತ್ತು.

ಕೊರಿಯದ ಮಟ್ಟಿಗೆ ಈ ಸಿಟ್ಟು ಹೊಸತೇನಲ್ಲ. 2004ರಲ್ಲಿ ಎಸ್‌ಬಿಎಸ್ ವಾಹಿನಿ ಪ್ರಸಾರ ಮಾಡಿದ ‘ಪ್ಯಾರಿಸ್‌ನ ಪ್ರೇಮಿಗಳು’ ಶೇ 50ಕ್ಕೂ ಅಧಿಕ ವೀಕ್ಷಣೆ ಗಳಿಸಿದ ಜನಪ್ರಿಯ ಪ್ರೇಮಕಥೆ. ಅದರ ಲೇಖಕಿಯರಲ್ಲಿ ಒಬ್ಬರಾದ ಕಿಮ್ ಯುನ್-ಸೂಕ್ ಇಂದು ಆ ದೇಶದ ಅತ್ಯಂತ ಬೇಡಿಕೆಯ ಧಾರಾವಾಹಿ ಲೇಖಕಿ. ಅದುವರೆಗೆ ನಡೆದ ಪ್ರೇಮಪ್ರಸಂಗವೆಲ್ಲ ನಾಯಕಿ ಬರೆಯುತ್ತಿದ್ದ ಚಿತ್ರಕಥೆ ಎಂಬ ತಿರುವು ಕೊನೆಯಲ್ಲಿ ಬರಲಿದೆ ಎಂಬ ಸುಳಿವು ಅಂತಿಮ ಕಂತಿಗೆ ಮೊದಲೇ ಹೊರಬಿದ್ದಿತು. ಪ್ರತಿಭಟನೆಯ ಮಾತುಗಳು ವಾಹಿನಿಯ ಬಾಗಿಲಿಗೆ ಮುತ್ತಿಗೆ ಹಾಕಿದವು. ಆ ಜಾಡನ್ನು ಪೂರ್ತಿ ಕೈಬಿಡದೆಯೇ ಕಥೆ ಮುಗಿಯಿತಾದರೂ, ಅಂತ್ಯದ ಬಗೆಗಿನ ಜಗಳ ಮುಗಿಯಲಿಲ್ಲ.

ಎರಡು ಪ್ರಸಂಗಗಳಿಗೂ 18 ವರ್ಷಗಳ ಅಂತರ. ದೂರು ಬಹುಮಟ್ಟಿಗೆ ಒಂದೇ. ಆದರೆ 2004ರಲ್ಲಿ ಪ್ರೇಕ್ಷಕನ ಮಾತು ಚಿತ್ರೀಕರಣ ನಡೆಯುತ್ತಿದ್ದ ಹೊತ್ತಿನಲ್ಲೇ ಲೇಖಕಿಯ ಕಿವಿಗೆ ಬೀಳುತ್ತಿತ್ತು. 2022ರಲ್ಲಿ ಆ ಮಾತು ಕೇಳಿಬರುವ ವೇಳೆಗೆ ಚಿತ್ರೀಕರಣ ಮುಗಿದು ತಿಂಗಳುಗಳೇ ಕಳೆದಿದ್ದವು. ಈ ಬದಲಾವಣೆ ಹೇಗಾಯಿತು, ಅದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದು ಕೊರಿಯನ್ ಧಾರಾವಾಹಿಗಳನ್ನು ಮೆಚ್ಚಿ ನೋಡುವವರೆಲ್ಲ ತಿಳಿಯಬೇಕಾದ ಸಂಗತಿ.

ಎಂಟು ವಾರಗಳ ಲೆಕ್ಕ

ಕೊರಿಯನ್ ಧಾರಾವಾಹಿಯನ್ನು ಹೊಗಳುವವರು ಮೊದಲು ಹೇಳುವ ಮಾತು, ಅದು ಮುಗಿಯುತ್ತದೆ ಎಂಬುದು. ಸಾಮಾನ್ಯ ಅಳತೆ 16 ಕಂತು. ಸೋಮವಾರ-ಮಂಗಳವಾರ, ಬುಧವಾರ-ಗುರುವಾರ ಅಥವಾ ವಾರಾಂತ್ಯ, ಹೀಗೆ ವಾರಕ್ಕೆ ಎರಡು ದಿನ, ಒಟ್ಟು ಎಂಟು ವಾರ. ಒಂದೊಂದು ಕಂತೂ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು. ಕೆಬಿಎಸ್, ಎಂಬಿಸಿ, ಎಸ್‌ಬಿಎಸ್ ಎಂಬ ಹಳೆಯ ಮೂರು ದೊಡ್ಡ ವಾಹಿನಿಗಳು ಕಾರ್ಯಕ್ರಮದ ನಡುವೆ ಜಾಹೀರಾತು ತೂರಿಸುವುದಕ್ಕೆ 2021ರ ಜುಲೈವರೆಗೆ ಅನುಮತಿ ಇರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಕುತೂಹಲ ಕೆರಳಿಸಿ ನಿಲ್ಲಿಸುವ ಅಗತ್ಯ ಆ ಲೇಖಕರಿಗೆ ಬೀಳಲಿಲ್ಲ. ಒಂದು ದೃಶ್ಯ ನಿಧಾನವಾಗಿ ಅರಳುವುದಕ್ಕೆ, ಇಬ್ಬರು ಮಾತಿಲ್ಲದೆ ಊಟ ಮಾಡುವುದಕ್ಕೆ ಅಲ್ಲಿ ಜಾಗವಿತ್ತು. ಇದರ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. 2010ರಲ್ಲಿ ಕಥೆಯೊಳಗೇ ಸರಕು ತೋರಿಸುವ ಪರೋಕ್ಷ ಜಾಹೀರಾತಿಗೆ ಕಾನೂನಿನ ಒಪ್ಪಿಗೆ ಸಿಕ್ಕಿತು. ವಿರಹಿಗಳೂ ಪತ್ತೇದಾರರೂ ಒಂದೇ ಕಂಪನಿಯ ಸ್ಯಾಂಡ್‌ವಿಚ್ ತಿನ್ನುವುದು ಆ ಬಳಿಕ ಮಾಮೂಲಾಯಿತು.

ಕೊರಿಯದಲ್ಲಿ ಎಲ್ಲವೂ ಹೀಗೆ ಚುಟುಕಾಗಿ ಮುಗಿಯುತ್ತದೆ ಎಂದು ತಿಳಿಯುವುದು ಮಾತ್ರ ತಪ್ಪು. ವಾರದಲ್ಲಿ ಐದು ದಿನ ಪ್ರಸಾರವಾಗಿ 100 ಕಂತು ದಾಟುವ ದೈನಿಕ ಧಾರಾವಾಹಿಗಳೂ, 50 ಕಂತಿನ ವಾರಾಂತ್ಯದ ಕುಟುಂಬ ಕಥೆಗಳೂ ಅಲ್ಲಿವೆ. 2008-09ರಲ್ಲಿ ಎಸ್‌ಬಿಎಸ್‌ನಲ್ಲಿ ಬಂದ ‘ಪತ್ನಿಯ ಪ್ರಲೋಭನೆ’ 129 ಕಂತು ಓಡಿತು. ಗಂಡನ ದ್ರೋಹಕ್ಕೆ ಸಿಲುಕಿ ಸತ್ತಳೆಂದು ಎಲ್ಲರೂ ನಂಬಿದ ಹೆಂಡತಿ ಕಣ್ಣಿನ ಕೆಳಗೆ ಒಂದು ಮಚ್ಚೆ ಇಟ್ಟುಕೊಂಡು ಹಿಂತಿರುಗುತ್ತಾಳೆ. ಗಂಡನಿಗೆ ಗುರುತು ಸಿಗುವುದಿಲ್ಲ. ಇಂಥ ಅತಿರಂಜಿತ ಕಥೆಗಳಿಗೆ ಅಲ್ಲಿನ ಜನ ‘ಮಕ್‌ಜಾಂಗ್’ ಎಂದು ಹೆಸರಿಟ್ಟರು. ಕಲ್ಲಿದ್ದಲು ಗಣಿಯ ಸುರಂಗದ ಕಟ್ಟಕಡೆಯ ಜಾಗ ಎಂಬುದು ಆ ಪದದ ಮೂಲ ಅರ್ಥ. ಬೆವರು ಸುರಿಸಿ ದುಡಿಯುವ ಜಾಗದ ಹೆಸರನ್ನು ಹೀಗೆ ನಿಂದೆಯ ಮಾತಾಗಿ ಬಳಸಬಾರದೆಂದು ಅಲ್ಲಿನ ಸರ್ಕಾರಿ ಕಲ್ಲಿದ್ದಲು ನಿಗಮದ ಮುಖ್ಯಸ್ಥರು 2009ರಲ್ಲಿ ಬಹಿರಂಗವಾಗಿ ಆಕ್ಷೇಪಿಸಿದ್ದೂ ಉಂಟು. ಹೊರದೇಶದ ಪ್ರೇಕ್ಷಕನ ಪರದೆಗೆ ಹೆಚ್ಚಾಗಿ ಬರುವುದು ಸೋಸಿ ತೆಗೆದ 16 ಕಂತಿನ ಕಥೆಗಳು. ಹೋಲಿಕೆ ಮಾಡುವಾಗ ಇದನ್ನು ನೆನಪಿಡುವುದು ಒಳ್ಳೆಯದು.

ಮನೆಗೆ ಕರೆತಂದ ಗಡಿಯಾರ

ಧಾರಾವಾಹಿಯೊಂದು ಕೊರಿಯದಲ್ಲಿ ಎಷ್ಟು ದೊಡ್ಡ ಸಾರ್ವಜನಿಕ ಸಂಗತಿಯಾಗಬಲ್ಲದು ಎಂಬುದಕ್ಕೆ 1995ರ ‘ಮರಳು ಗಡಿಯಾರ’ ಸಾಕ್ಷಿ. ಸಾಂಗ್ ಜಿ-ನಾ ಬರೆದು, ಕಿಮ್ ಜಾಂಗ್-ಹಾಕ್ ನಿರ್ದೇಶಿಸಿದ ಈ 24 ಕಂತುಗಳ ಕಥೆ ಜನವರಿ-ಫೆಬ್ರುವರಿಯಲ್ಲಿ ವಾರಕ್ಕೆ ನಾಲ್ಕು ರಾತ್ರಿಯಂತೆ ಪ್ರಸಾರವಾಯಿತು. ವೀಕ್ಷಣಾ ಪ್ರಮಾಣ ಶೇ 60ನ್ನು ದಾಟಿತು. ಕೆಲಸ ಮುಗಿಸಿದವರು ದಾರಿಯಲ್ಲಿ ಎಲ್ಲೂ ನಿಲ್ಲದೆ ಮನೆ ಸೇರುತ್ತಿದ್ದುದರಿಂದ ಅದಕ್ಕೆ ‘ಮನೆಗೆ ಮರಳಿಸುವ ಗಡಿಯಾರ’ ಎಂಬ ಅಡ್ಡಹೆಸರೇ ಬಿದ್ದಿತು. 1980ರ ಮೇ ತಿಂಗಳಲ್ಲಿ ಗ್ವಾಂಗ್ಜು ನಗರದಲ್ಲಿ ಸೇನೆ ಜನರ ಮೇಲೆ ನಡೆಸಿದ ದಮನವನ್ನು ಆ ಧಾರಾವಾಹಿ ಕಥೆಯ ಭಾಗವಾಗಿ ಮನೆಮನೆಗೆ ತಂದಿತು. ಸೇನಾ ಆಡಳಿತದ ಕಾಲದಲ್ಲಿ ವರ್ಷಗಟ್ಟಲೆ ಬಾಯಿಬಿಡಲಾಗದ ವಿಷಯ ಅದು. ಆ ದಮನದ ಕಾಲದಲ್ಲಿ ಅಧಿಕಾರ ಹಿಡಿದ ಮಾಜಿ ಅಧ್ಯಕ್ಷ ಚುನ್ ಡೂ-ಹ್ವಾನ್ ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂಧನಕ್ಕೊಳಗಾದರು.

ಧಾರಾವಾಹಿಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಸಮಾಜದಲ್ಲಿ ಪ್ರೇಕ್ಷಕ ಸುಮ್ಮನೆ ಕೂರಲಿಲ್ಲ. ಅಂತರಜಾಲ ಮನೆಮನೆ ತಲುಪಿದ ಮೇಲೆ ಆತನ ಧ್ವನಿ ಇಮ್ಮಡಿಯಾಯಿತು. 2003ರಲ್ಲಿ ಎಂಬಿಸಿಯ ‘ಡಾಮೋ’ ಎಂಬ 14 ಕಂತಿನ ಐತಿಹಾಸಿಕ ಕಥೆಯ ಅಭಿಮಾನಿಗಳು ತಮ್ಮನ್ನು ‘ಡಾಮೋ ವ್ಯಸನಿಗಳು’ ಎಂದೇ ಕರೆದುಕೊಂಡು, ಪ್ರತಿ ಕಂತಿನ ಮಾತು, ಉಡುಗೆ, ಹೊಡೆದಾಟಗಳನ್ನೆಲ್ಲ ಒರೆಗೆ ಹಚ್ಚಿದರು.

ಚಿತ್ರೀಕರಣದ ಅಂಗಳಕ್ಕೆ ಬಂದ ಅಭಿಪ್ರಾಯ

ಈ ಧ್ವನಿಗೆ ಬಲ ಬಂದದ್ದು ಆ ಕಾಲದ ನಿರ್ಮಾಣ ಪದ್ಧತಿಯಿಂದ. ಮೊದಲ ಕೆಲವು ಕಂತುಗಳು ಸಿದ್ಧವಾದೊಡನೆ ಪ್ರಸಾರ ಆರಂಭವಾಗುತ್ತಿತ್ತು. ಉಳಿದದ್ದನ್ನು ಪ್ರಸಾರದ ಬೆನ್ನಟ್ಟಿಕೊಂಡೇ ಬರೆದು, ಚಿತ್ರೀಕರಿಸಿ, ಸಂಕಲಿಸಬೇಕಿತ್ತು. ಕೊನೆಯ ವಾರಗಳಲ್ಲಿ ಪೂರ್ತಿ ಸಂಭಾಷಣೆ ಬರೆದು ಮುಗಿಸಲು ಸಮಯವಿಲ್ಲದೆ ಒಂದೊಂದೇ ದೃಶ್ಯದ ಹಾಳೆ ಬಿಡಿಬಿಡಿಯಾಗಿ ಅಂಗಳಕ್ಕೆ ಬರುತ್ತಿತ್ತು. ಇದಕ್ಕೆ ‘ಜೋಕ್‌ದೇಬೊನ್’, ಅಂದರೆ ಚೂರು ಚಿತ್ರಕಥೆ ಎಂಬ ಹೆಸರೇ ಬಳಕೆಗೆ ಬಂದಿತು.

ಹೀಗಾಗಿ ನಿನ್ನೆಯ ವೀಕ್ಷಣಾ ಪ್ರಮಾಣ ನಾಳೆಯ ದೃಶ್ಯವನ್ನು ಬದಲಿಸಬಹುದಿತ್ತು. ಜನ ಮೆಚ್ಚಿದ ಎರಡನೆಯ ನಾಯಕನಿಗೆ ಹೆಚ್ಚು ಮಾತು ಸಿಗಬಹುದಿತ್ತು. ಜನ ಕೈಬಿಟ್ಟ ಕಥೆ ಅವಧಿಗೆ ಮುನ್ನವೇ ನಿಲ್ಲಬಹುದಿತ್ತು. ಗೆದ್ದ ಕಥೆ ಹಿಗ್ಗಬಹುದಿತ್ತು: ಪ್ರಾಚೀನ ರಾಜ್ಯವೊಂದರ ಸ್ಥಾಪಕನನ್ನು ಕುರಿತ ಎಂಬಿಸಿಯ ‘ಜುಮೋಂಗ್’ 60 ಕಂತಿಗೆ ಯೋಜಿತವಾಗಿದ್ದು, 2007ರಲ್ಲಿ ಮುಗಿಯುವ ವೇಳೆಗೆ 81 ಕಂತಾಗಿತ್ತು. ಪ್ರೇಕ್ಷಕ ಪ್ರಭು ಎಂಬ ಮಾತು ಅಕ್ಷರಶಃ ನಿಜವಾದ ಕಾಲ ಅದು.

ಬೆಲೆ ತೆತ್ತವರು ಯಾರು?

ಆ ಪ್ರಭುತ್ವದ ಬೆಲೆಯನ್ನು ತೆತ್ತವರು ತೆರೆಯ ಹಿಂದಿನವರು. ವಾರಕ್ಕೆ ಎರಡು ಗಂಟೆಗೂ ಮೀರಿದ ಕಥೆಯನ್ನು ಏಳೇ ದಿನಗಳಲ್ಲಿ ಮುಗಿಸಬೇಕಾದಾಗ ನಿದ್ದೆಗೆ ಸಮಯವಿರಲಿಲ್ಲ. 2011ರ ಆಗಸ್ಟ್‌ನಲ್ಲಿ ಕೆಬಿಎಸ್‌ನ ‘ಸ್ಪೈ ಮ್ಯೋಂಗ್‌ವೋಲ್’ ಧಾರಾವಾಹಿಯ ನಾಯಕಿ ದಣಿಸುವ ವೇಳಾಪಟ್ಟಿಯನ್ನು ದೂರಿ ಚಿತ್ರೀಕರಣ ತೊರೆದು ಅಮೆರಿಕಕ್ಕೆ ಹೊರಟುಹೋದರು. ಹೊಸ ಕಂತು ಸಿದ್ಧವಿರದ ಕಾರಣ ವಾಹಿನಿ ಹಳೆಯ ದೃಶ್ಯಗಳ ವಿಶೇಷ ಕಾರ್ಯಕ್ರಮ ತೋರಿಸಬೇಕಾಯಿತು. ಕೆಲವೇ ದಿನಗಳಲ್ಲಿ ಮರಳಿ ಬಂದ ಆಕೆ ಕ್ಷಮೆ ಕೇಳಿದರು. ತಾರೆಯೊಬ್ಬಳ ಅಹಂಕಾರ ಎಂದು ಅನೇಕರು ಬೈದರು. ಆಕೆ ಎತ್ತಿದ ಪ್ರಶ್ನೆ ಮಾತ್ರ ಉಳಿದುಕೊಂಡಿತು.

2016ರ ಅಕ್ಟೋಬರ್‌ನಲ್ಲಿ ಟಿವಿಎನ್ ವಾಹಿನಿಯ ಧಾರಾವಾಹಿಯೊಂದರ ಯುವ ಸಹನಿರ್ದೇಶಕ ತನ್ನ ಜೀವವನ್ನೇ ಕೊನೆಗಾಣಿಸಿಕೊಂಡ. ತಾನು ದಣಿಯುವುದರ ಜತೆಗೆ, ದಣಿದ ಕೆಲಸಗಾರರನ್ನು ಮತ್ತಷ್ಟು ದುಡಿಸುವ ಕೆಲಸ ತನ್ನದಾಗಿದೆ ಎಂಬ ವೇದನೆಯನ್ನು ಆತ ಬರೆದಿಟ್ಟಿದ್ದ. ಕುಟುಂಬದ ಹೋರಾಟದ ಬಳಿಕ 2017ರಲ್ಲಿ ಸಂಸ್ಥೆ ಕ್ಷಮೆ ಯಾಚಿಸಿತು. ಆತನ ಹೆಸರಿನಲ್ಲಿ ಮಾಧ್ಯಮ ಕಾರ್ಮಿಕರ ಹಕ್ಕುಗಳ ಕೇಂದ್ರವೊಂದು 2018ರಲ್ಲಿ ಆರಂಭವಾಯಿತು.

2017ರ ಡಿಸೆಂಬರ್ 24ರಂದು ನಡೆದ ಘಟನೆ ಈ ಪದ್ಧತಿಯ ಅವ್ಯವಸ್ಥೆಯನ್ನು ಪ್ರೇಕ್ಷಕರ ಕಣ್ಣೆದುರೇ ಇಟ್ಟಿತು. ಅದೇ ವಾಹಿನಿಯ ‘ಹ್ವಾಯುಗಿ’ ಎಂಬ ಮಾಯಾಲೋಕದ ಕಥೆಯ ಎರಡನೆಯ ಕಂತು ಗ್ರಾಫಿಕ್ಸ್ ಕೆಲಸ ಮುಗಿಯುವ ಮೊದಲೇ ತೆರೆಗೆ ಬಂದಿತು. ನಟರನ್ನು ಎತ್ತಿ ಹಿಡಿದ ತಂತಿಗಳೂ, ಹಿನ್ನೆಲೆಯ ಹಸಿರು ಪರದೆಯೂ ನಿಚ್ಚಳವಾಗಿ ಕಂಡವು. ಪ್ರಸಾರ ಅರ್ಧದಲ್ಲೇ ನಿಂತಿತು. ಜನ ನಕ್ಕರು. ಅದರ ಹಿಂದಿನ ದಿನ ಅದೇ ಧಾರಾವಾಹಿಗಾಗಿ ಹಾಕಿದ್ದ ಸೆಟ್‌ನಲ್ಲಿ ದೀಪಗುಚ್ಛ ತೂಗುಹಾಕಲು ಮೇಲೇರಿದ್ದ ಕೆಲಸಗಾರನೊಬ್ಬ ಕೆಳಗೆ ಬಿದ್ದು ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡಿದ್ದ ಎಂಬ ಸುದ್ದಿ ಬಂದಾಗ ನಗು ಅಡಗಿತು.

2018ರ ಜುಲೈನಿಂದ ಕೊರಿಯದಲ್ಲಿ ವಾರದ ಗರಿಷ್ಠ ದುಡಿಮೆ 52 ಗಂಟೆಗೆ ಇಳಿಯಿತು. ಪ್ರಸಾರ ಕ್ಷೇತ್ರಕ್ಕೆ ಅದುವರೆಗೆ ಇದ್ದ ವಿನಾಯಿತಿ ಹೋಯಿತು. 300ಕ್ಕೂ ಹೆಚ್ಚು ನೌಕರರಿರುವ ವಾಹಿನಿಗಳಿಗೆ 2019ರ ಜುಲೈವರೆಗೆ ಕಾಲಾವಕಾಶ ದೊರೆಯಿತು. ಬೆಳಕು, ಧ್ವನಿ, ಕಲಾ ವಿಭಾಗಗಳಲ್ಲಿ ಬಿಡಿ ಗುತ್ತಿಗೆಯ ಮೇಲೆ ದುಡಿಯುವವರಿಗೆ ಕಾಯ್ದೆಯ ನೆರಳು ಅಷ್ಟು ಸುಲಭವಾಗಿ ಸಿಗಲಿಲ್ಲವಾದರೂ, ರಾತ್ರಿ ಹಗಲು ಒಂದಾಗಿಸುವ ಚಿತ್ರೀಕರಣ ಸಹಜ ಎಂಬ ಭಾವನೆಗೆ ಪೆಟ್ಟು ಬಿದ್ದಿತು.

ಚೀನಾದ ನಿಯಮ, ಅಮೆರಿಕದ ಹಣ

ಮೊದಲೇ ಪೂರ್ತಿ ಚಿತ್ರೀಕರಿಸಿ ನಂತರ ಪ್ರಸಾರ ಮಾಡುವ ಪದ್ಧತಿಗೆ ಕೊರಿಯದಲ್ಲಿ ದೊಡ್ಡ ಗೆಲುವು ತಂದುಕೊಟ್ಟದ್ದು 2016ರ ‘ಡಿಸೆಂಡೆಂಟ್ಸ್ ಆಫ್ ದಿ ಸನ್’. ಕೆಲಸಗಾರರ ಮೇಲಿನ ಕಾಳಜಿ ಇದಕ್ಕೆ ಮುಖ್ಯ ಕಾರಣವಾಗಿರಲಿಲ್ಲ. ವಿದೇಶಿ ಧಾರಾವಾಹಿಯನ್ನು ಅಂತರಜಾಲದಲ್ಲಿ ತೋರಿಸಬೇಕಾದರೆ ಎಲ್ಲ ಕಂತುಗಳನ್ನೂ ಮುಂಚಿತವಾಗಿ ಪರಿಶೀಲನೆಗೆ ಒಪ್ಪಿಸಬೇಕು ಎಂಬ ನಿಯಮವನ್ನು ಚೀನಾ ಜಾರಿಗೆ ತಂದಿತ್ತು. ಕೊರಿಯ ಮತ್ತು ಚೀನಾ ಎರಡರಲ್ಲೂ ಏಕಕಾಲಕ್ಕೆ ತೆರೆ ಕಾಣಬೇಕಾದರೆ 16 ಕಂತೂ ಮೊದಲೇ ಸಿದ್ಧವಾಗಲೇಬೇಕಿತ್ತು. ಅದೇ ವರ್ಷ ಕ್ಷಿಪಣಿ ನಿರೋಧಕ ವ್ಯವಸ್ಥೆ ‘ಥಾಡ್’ ನಿಯೋಜನೆಯ ವಿಚಾರದಲ್ಲಿ ಎರಡೂ ದೇಶಗಳ ಸಂಬಂಧ ಕೆಟ್ಟು ಚೀನಾದ ಮಾರುಕಟ್ಟೆ ಮುಚ್ಚಿಕೊಂಡಿತು.

ಆ ಜಾಗಕ್ಕೆ ಬಂದದ್ದು ಅಮೆರಿಕದ ಹಣ. 2016ರಲ್ಲಿ ಕೊರಿಯ ಪ್ರವೇಶಿಸಿದ ನೆಟ್‌ಫ್ಲಿಕ್ಸ್ 2019ರಲ್ಲಿ ‘ಕಿಂಗ್‌ಡಮ್’ ಬಿಡುಗಡೆ ಮಾಡಿತು. 2021ರ ಸೆಪ್ಟೆಂಬರ್‌ನಲ್ಲಿ ಬಂದ ‘ಸ್ಕ್ವಿಡ್ ಗೇಮ್’ ಮೊದಲ ನಾಲ್ಕು ವಾರಗಳಲ್ಲಿ 165 ಕೋಟಿ ಗಂಟೆ ವೀಕ್ಷಣೆ ಕಂಡಿತು. 2023ರ ಏಪ್ರಿಲ್‌ನಲ್ಲಿ ನಾಲ್ಕು ವರ್ಷಗಳಿಗೆ 250 ಕೋಟಿ ಡಾಲರ್ ಹೂಡಿಕೆಯ ಘೋಷಣೆ ಹೊರಬಿದ್ದಿತು. ಇಲ್ಲಿ ಎಲ್ಲ ಕಂತುಗಳೂ ಪೂರ್ಣಗೊಂಡ ಮೇಲೆಯೇ ಬಿಡುಗಡೆ. ಲೇಖಕನಿಗೆ ಪ್ರಸಾರದ ಗಡುವಿನ ಕಾಟ ತಪ್ಪಿತು, ಬರೆದುದನ್ನು ತಿದ್ದುವ ವ್ಯವಧಾನ ದೊರೆಯಿತು. ಪ್ರತಿಯಾಗಿ, ಕೃತಿಯ ಹಕ್ಕು ಹಣ ಹೂಡಿದವರ ಪಾಲಾಯಿತು. ಪ್ರೇಕ್ಷಕ ಕಥೆಯ ನಡುವೆ ಬಾಯಿ ಹಾಕುವ ಅವಕಾಶವೂ ಮುಗಿಯಿತು. 2025ರ ಜೂನ್‌ನಲ್ಲಿ ‘ಸ್ಕ್ವಿಡ್ ಗೇಮ್’ ಮೂರನೆಯ ಭಾಗದ ಅಂತ್ಯದ ಬಗ್ಗೆ ಜಗತ್ತಿನಾದ್ಯಂತ ಪರ-ವಿರೋಧದ ಮಾತು ಕೇಳಿಬಂದರೂ ಅದರಿಂದ ಕಥೆಯಲ್ಲಿ ಏನೂ ಬದಲಾಗುವಂತಿರಲಿಲ್ಲ.

ತಡೆಯುವ ಶಕ್ತಿ, ತಿದ್ದುವ ಶಕ್ತಿ

ಹಾಗೆಂದು ಕೊರಿಯದ ಪ್ರೇಕ್ಷಕ ನಿಶ್ಶಕ್ತನಾದ ಎನ್ನಲಾಗದು. 2021ರ ಮಾರ್ಚ್ 22ರಂದು ಎಸ್‌ಬಿಎಸ್‌ನಲ್ಲಿ ಆರಂಭವಾದ ‘ಜೋಸನ್ ಎಕ್ಸಾರ್ಸಿಸ್ಟ್’ ಎರಡೇ ಕಂತಿಗೆ ನಿಂತುಹೋಯಿತು. ಜೋಸನ್ ರಾಜವಂಶದ ಕಥೆಯಲ್ಲಿ ಚೀನೀ ಮಾದರಿಯ ತಿನಿಸು, ಅಲಂಕಾರಗಳು ಕಂಡದ್ದೇ ಜನ ಕೆರಳಿದರು. ಕಿಮ್ಚಿ, ಹಾನ್‌ಬೋಕ್ ಉಡುಪುಗಳ ಮೂಲ ಯಾರದು ಎಂಬ ವಿಷಯದಲ್ಲಿ ಚೀನಾದೊಡನೆ ಜಗಳ ಕಾವೇರಿದ್ದ ಹೊತ್ತು ಅದು. ಜಾಹೀರಾತುದಾರರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಸುಮಾರು ಶೇ 80ರಷ್ಟು ಚಿತ್ರೀಕರಣ ಮುಗಿದಿದ್ದ ಧಾರಾವಾಹಿಯನ್ನು ಮಾರ್ಚ್ 26ರಂದು ಪೂರ್ತಿ ರದ್ದುಪಡಿಸಲಾಯಿತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ‘ಸ್ನೋಡ್ರಾಪ್’ ವಿವಾದ ಎದ್ದಿತು. 1987ರ ಪ್ರಜಾಪ್ರಭುತ್ವ ಚಳವಳಿಯ ಕಾಲದಲ್ಲಿ ನಡೆಯುವ ಕಥೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಉತ್ತರ ಕೊರಿಯದ ಗೂಢಚಾರನನ್ನು ಚಳವಳಿಗಾರನೆಂದು ತಿಳಿದು ರಕ್ಷಿಸುತ್ತಾಳೆ. ಅಂದಿನ ಸರ್ಕಾರ ಹೋರಾಟಗಾರರಿಗೆ ಗೂಢಚಾರರೆಂಬ ಹಣೆಪಟ್ಟಿ ಹಚ್ಚಿ ಹಿಂಸಿಸಿದ ನೆನಪು ಇನ್ನೂ ಹಸಿಯಾಗಿರುವಾಗ ಇಂಥ ಕಥೆ ಆ ಹಳೆಯ ಸುಳ್ಳಿಗೆ ಬೆಂಬಲ ಕೊಟ್ಟಂತಾಗುತ್ತದೆ ಎಂಬುದು ಆಕ್ಷೇಪ. ಪ್ರಸಾರ ನಿಲ್ಲಿಸಬೇಕೆಂಬ ಮನವಿಗೆ 2 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ತಡೆಯಾಜ್ಞೆ ಕೋರಿದ ಅರ್ಜಿಯನ್ನು ನ್ಯಾಯಾಲಯ ತಳ್ಳಿಹಾಕಿತು. 16 ಕಂತೂ ಪ್ರಸಾರವಾದವು.

ಈ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಪೂರ್ವಸಿದ್ಧ ಧಾರಾವಾಹಿಯ ಮುಂದೆ ಪ್ರೇಕ್ಷಕನಿಗೆ ಉಳಿದಿರುವ ದಾರಿ ಎರಡೇ: ಒಪ್ಪಿ ನೋಡುವುದು ಅಥವಾ ಪೂರ್ತಿ ನಿಲ್ಲಿಸುವಂತೆ ಪಟ್ಟು ಹಿಡಿಯುವುದು. ನಡುವೆ ತಿದ್ದಿಸುವ ದಾರಿ ಮುಚ್ಚಿದೆ. ಹಳೆಯ ಪದ್ಧತಿಯಲ್ಲಿ ಮೂರನೆಯ ಕಂತಿಗೆ ಬಂದ ದೂರು ಹತ್ತನೆಯ ಕಂತಿನಲ್ಲಿ ಉತ್ತರ ಪಡೆಯಬಹುದಿತ್ತು. ಈಗ ಸಿಟ್ಟು ಒಮ್ಮೆಗೇ ಸ್ಫೋಟಗೊಳ್ಳುತ್ತದೆ.

ಕನ್ನಡದ ಕಿವಿಗೆ ಕೇಳುವುದು

ಕರ್ನಾಟಕದಲ್ಲಿ ಈ ಕಥೆಗಳನ್ನು ನೋಡುವ ಅನೇಕರು ಇಂಗ್ಲಿಷ್ ಅಡಿಬರಹವನ್ನೇ ನೆಚ್ಚಿದ್ದಾರೆ. ಆ ಅಡಿಬರಹದಲ್ಲಿ ಸೋರಿಹೋಗುವ ಕೆಲವು ಸಂಗತಿಗಳು ಕನ್ನಡಿಗರಿಗೆ ಸುಲಭವಾಗಿ ಅರ್ಥವಾಗುವಂಥವು. ಕೊರಿಯನ್ನರು ಗೌರವದ ಮಾತು ಮತ್ತು ಸಲಿಗೆಯ ಮಾತನ್ನು ಕಟ್ಟುನಿಟ್ಟಾಗಿ ಬೇರ್ಪಡಿಸುತ್ತಾರೆ. ಇಬ್ಬರು ಪ್ರೇಮಿಗಳು ಗೌರವದ ರೂಪ ಬಿಟ್ಟು ಸಲಿಗೆಯ ರೂಪಕ್ಕೆ ಇಳಿಯುವ ಕ್ಷಣ ಕಥೆಯ ಒಂದು ತಿರುವು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ‘ಯೂ’. ‘ನೀವು’ ಎನ್ನುತ್ತಿದ್ದವರು ಮೊದಲ ಬಾರಿ ‘ನೀನು’ ಎಂದಾಗ ಏನಾಗುತ್ತದೆಂದು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಸಂಬಂಧವಿಲ್ಲದ ಹಿರಿಯನನ್ನು ಅಣ್ಣ ಎನ್ನುವುದು, ಊಟದ ಮನೆಯಲ್ಲಿ ಬಡಿಸುವಾಕೆಯನ್ನು ಚಿಕ್ಕಮ್ಮನೆಂದು ಕರೆಯುವುದು ಅಲ್ಲಿಯೂ ಉಂಟು. ಒಂದು ವ್ಯತ್ಯಾಸವೆಂದರೆ, ಅಣ್ಣನನ್ನು ತಂಗಿ ‘ಒಪ್ಪಾ’ ಎಂದರೆ ತಮ್ಮ ‘ಹ್ಯೋಂಗ್’ ಎನ್ನುತ್ತಾನೆ. ಅಕ್ಕನನ್ನು ತಂಗಿ ‘ಒನ್ನಿ’ ಎಂದರೆ ತಮ್ಮ ‘ನೂನಾ’ ಎನ್ನುತ್ತಾನೆ. ಅಡಿಬರಹದಲ್ಲಿ ಇವೆಲ್ಲದರ ಜಾಗಕ್ಕೆ ಹಲವು ಸಲ ಬರಿಯ ಹೆಸರು ಬಂದು ಕೂರುತ್ತದೆ.

ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ. ನಿನ್ನೆಯ ರೇಟಿಂಗ್ ನೋಡಿ ನಾಳೆಯ ಕಥೆ ತಿರುಗಿಸುವುದು, ಗೆದ್ದ ಕಥೆಯನ್ನು ಎಳೆಯುವುದು, ಪ್ರಸಾರದ ಬೆನ್ನಿಗೇ ಚಿತ್ರೀಕರಣ ನಡೆಸುವುದು ಕನ್ನಡದ ದೈನಿಕ ಧಾರಾವಾಹಿಗಳ ಪ್ರೇಕ್ಷಕರಿಗೂ ಪರಿಚಿತ. ಕೊರಿಯದ ಕಥೆ ಚೊಕ್ಕವಾಗಿ ಮುಗಿಯುತ್ತದೆ, ನಮ್ಮದು ಮುಗಿಯುವುದೇ ಇಲ್ಲ ಎಂದು ದೂರುವವರು, ಆ ಚೊಕ್ಕತನ ಬರುವುದಕ್ಕೆ ಅಲ್ಲಿ ಕಾರ್ಮಿಕ ಕಾಯ್ದೆ, ವಿದೇಶಿ ಬಂಡವಾಳ ಮತ್ತು ಕೆಲವರ ಜೀವಹಾನಿ ಕಾರಣವಾದವು ಎಂಬುದನ್ನೂ ಗಮನಿಸಬೇಕು. ಅಲ್ಲಿನ ಪ್ರೇಕ್ಷಕ ತನಗೆ ಇಷ್ಟವಾದ ಅಂತ್ಯಕ್ಕಾಗಿ ಒತ್ತಾಯಿಸಿದಷ್ಟು, ಆ ಅಂತ್ಯವನ್ನು ರಾತ್ರಿಯಿಡೀ ನಿಂತು ಚಿತ್ರೀಕರಿಸುವವರಿಗಾಗಿ ಬಹುಕಾಲ ಒತ್ತಾಯಿಸಲಿಲ್ಲ.

ಕಥೆಯ ಕೊನೆ ಲೇಖಕರದೇ ಆಗಿರುವುದು ಬಹುಮಟ್ಟಿಗೆ ಒಳ್ಳೆಯದು. ಜನಮತದಿಂದ ಬರೆದ ಕಥೆಯಲ್ಲಿ ಸಾಯಬೇಕಾದವರು ಬದುಕುತ್ತಾರೆ, ಅಗಲಬೇಕಾದವರು ಕೂಡುತ್ತಾರೆ, 60 ಕಂತು 81 ಆಗುತ್ತದೆ. ಆದರೆ ಇಂದು ಪ್ರೇಕ್ಷಕನ ಅಭಿಪ್ರಾಯದ ಜಾಗದಲ್ಲಿ ಕೂತಿರುವುದು ನೋಡಿದ ಗಂಟೆಗಳ ಲೆಕ್ಕ. ಆ ಲೆಕ್ಕಕ್ಕೆ ಮೆಚ್ಚಿ ನೋಡಿದವರೂ ಬೈಯುತ್ತ ನೋಡಿದವರೂ ಒಂದೇ. 2022ರ ಡಿಸೆಂಬರ್ 25ರ ರಾತ್ರಿ ಕೊನೆಯ ದೃಶ್ಯ ಕಂಡು ಸಿಡಿಮಿಡಿಗೊಂಡವರೆಲ್ಲರೂ ಆ ಶೇ 26ರೊಳಗೇ ಸೇರಿದ್ದಾರೆ. ಏಕೆ ಸಿಟ್ಟಾದರು ಎಂಬುದು ಆ ಅಂಕಿಯಲ್ಲಿ ದಾಖಲಾಗಿಲ್ಲ. ಅದನ್ನು ಕೇಳಿಸಿಕೊಳ್ಳಬೇಕಾದವರು ಮುಂದಿನ ಕಥೆ ಬರೆಯಲು ಕೂರುವ ಲೇಖಕರು.